ಬಸ್ಸಕ್ಕನ ಬಿಳಿ ಮಾತ್ರೆ

ಹತ್ತೊಂಬತ್ತು ವರ್ಷ ಊರೊಳಗೆ ಬಸ್ಸು ಓಡಿಸಿದ ಅವಳನ್ನು ಡಿಪೋದಲ್ಲಿ ಎಲ್ಲರೂ ಬಸ್ಸಕ್ಕ ಎಂದೇ ಕರೆಯುತ್ತಿದ್ದರು. ಒಮ್ಮೆಯೂ ಯಾರ ಗಾಡಿಗೂ ಗೀರು ಬೀಳಿಸಿದವಳಲ್ಲ.

ಮುಟ್ಟು ನಿಂತ ವರ್ಷ ಮೈ ಅವಳ ಮಾತು ಕೇಳುವುದನ್ನು ಬಿಟ್ಟಿತು. ಸಿಗ್ನಲ್ಲಿನಲ್ಲಿ ನಿಂತಿರುವಾಗಲೇ ಎದೆಯಿಂದ ಬಿಸಿ ಭುಗಿಲ್ಲೆಂದು ಎದ್ದು ಮುಖಕ್ಕೆ ಹತ್ತುತ್ತಿತ್ತು. ಮರುಕ್ಷಣ ಬೆವರು, ಅದರ ಬೆನ್ನಿಗೇ ಚಳಿ. ಹಿಂದೆ ಸ್ತನ ಕ್ಯಾನ್ಸರ್ ಗೆದ್ದು ಬಂದವಳಾದ್ದರಿಂದ ಹಾರ್ಮೋನು ಮಾತ್ರೆ ಕೊಡುವಂತಿರಲಿಲ್ಲ. ಡಾಕ್ಟರಮ್ಮ ಬೇರೊಂದು ಬಿಳಿ ಮಾತ್ರೆ ಬರೆದರು.

“ಮೈ ಬಿಸಿ ನೋಡ್ಕೊಳ್ಳೋ ಜಾಗ ಮೆದುಳಲ್ಲಿದೆ. ಅಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಕೆಲಸ ಮಾಡುತ್ತೆ. ಈ ವಯಸ್ಸಲ್ಲಿ ಹಾರ್ಮೋನು ಇಳಿದಾಗ ಅದೂ ಏರುಪೇರಾಗುತ್ತೆ. ಆಗ ಚೂರು ಸೆಕೆಗೂ ಮೆದುಳು ಗಾಬರಿಬಿದ್ದು ಬೆವರಿಳಿಸುತ್ತೆ. ಅದನ್ನ ಹದಕ್ಕೆ ತರೋಕೆ ಈ ಮಾತ್ರೆ. ಖಿನ್ನತೆಗೂ ಇದನ್ನೇ ಕೊಡ್ತೀವಿ, ನಿಮಗೆ ಕಮ್ಮಿ ಪ್ರಮಾಣ. ಮೊದಲ ವಾರ ರಜೆ ಹಾಕಿ. ತೂಕಡಿಕೆ ಬರದಿದ್ರೆ ಗಾಡಿ ಓಡಿಸಬಹುದು.”

ತೂಕಡಿಕೆ ಬರಲಿಲ್ಲ. ಮೂರನೇ ವಾರಕ್ಕೆ ಬಿಸಿ ಅರ್ಧಕ್ಕರ್ಧ ಇಳಿಯಿತು.

ಆಮೇಲೊಂದು ಬೆಳಿಗ್ಗೆ ಡ್ಯೂಟಿ ಪಟ್ಟಿಯಲ್ಲಿ ಅವಳಿಗೆ ಬಸ್ಸೇ ಇರಲಿಲ್ಲ. ‘ಪಾಸ್ ಕೌಂಟರ್’ ಎಂದಿತ್ತು.

“ತಲೆ ಸರಿಯಿಲ್ಲದೋರ ಕೈಗೆ ಐವತ್ತು ಜನರ ಪ್ರಾಣ ಕೊಡೋಕಾಗುತ್ತೇನಮ್ಮ?” ಎಂದ ಮ್ಯಾನೇಜರು.

“ಯಾರು ಹೇಳಿದ್ದು ಸಾರ್?”

“ನಿಮ್ಮ ಯಜಮಾನ್ರೇ.”

ಗಂಡ ಅದೇ ಡಿಪೋದ ಮೆಕ್ಯಾನಿಕ್. ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲಿ ‘ಖಿನ್ನತೆ’ ಎಂಬ ಪದ ಓದಿ, ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಬಾಯಿಬಿಟ್ಟಿದ್ದ. ಅವಳು ನೇರ ವರ್ಕ್‌ಶಾಪಿಗೆ ನಡೆದಳು. ಬಸ್ಸಿನಡಿಯಿಂದ ಅವನ ಕಾಲು ಕಾಣುತ್ತಿತ್ತು.

“ಹೊರಗೆ ಬನ್ರೀ!”

ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಎದ್ದ. “ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೇ...”

“ವರ್ಷವಿಡೀ ಪಕ್ಕದಲ್ಲೇ ನಾನು ಬೇಯೋದು ಕಾಣಿಸಲಿಲ್ಲ, ಚೀಟಿಯ ಒಂದು ಪದ ಕಾಣಿಸ್ತಾ? ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವತ್ತೇ ಹೇಳಿದ್ದೆ. ಟಿವಿಯಿಂದ ಕಣ್ಣು ಕಿತ್ತಿದ್ರೆ ತಾನೆ ಕೇಳಿಸೋದು!”

ಸ್ಪ್ಯಾನರುಗಳ ಸದ್ದು ನಿಂತಿತು. ಅವನು ಮತ್ತೆ ಬಸ್ಸಿನಡಿಗೆ ನುಸುಳಿದ.

ಮರುದಿನ ಅವಳು ಡಾಕ್ಟರಮ್ಮನ ಪತ್ರವನ್ನು ಮ್ಯಾನೇಜರನ ಮೇಜಿನ ಮೇಲಿಟ್ಟಳು. “ಬಿ.ಪಿ. ಮಾತ್ರೆ ನುಂಗಿ ಗಾಡಿ ಹತ್ತೋ ಗಂಡಸರನ್ನ ಯಾವ ಕೌಂಟರಲ್ಲಿ ಕೂರಿಸಿದ್ದೀರಿ ಸಾರ್? ಖಿನ್ನತೆ ಇದ್ರೂ ಅದು ಕಾಯಿಲೆ, ತಲೆಕೆಟ್ಟಿದ್ದಲ್ಲ. ನನ್ನ ಪರೀಕ್ಷೆ ಮಾಡಿಸಿ, ಫಲಿತಾಂಶ ಬರವಣಿಗೇಲಿ ಕೊಡಿ.”

ಪರೀಕ್ಷೆ ನಡೆಯಿತು. ಬಸ್ ಕಂಪನಿಯ ವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡಿಪೋದ ಇಕ್ಕಟ್ಟಿನ ಗೇಟಿನೊಳಗೆ ಉದ್ದದ ಬಸ್ಸನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದಳು. ಹನ್ನೊಂದನೇ ದಿನಕ್ಕೆ ಅವಳ ಬಸ್ಸು ಅವಳ ಕೈಗೆ ಬಂತು.

“ಮನಸ್ಸಿಗೆ ಹಚ್ಕೋಬೇಡಿ,” ಎಂದ ಮ್ಯಾನೇಜರು.

“ಹಚ್ಕೊಂಡಾಗಿದೆ. ಫೈಲಲ್ಲಿ ನನ್ನ ತಲೆ ಸರಿಯಿಲ್ಲ ಅಂತ ಬರೆದ ಸಾಲು ಹೊಡೆದುಹಾಕಿ.” ಅವನು ಹೊಡೆದುಹಾಕುವ ತನಕ ಅಲ್ಲಿಂದ ಕದಲಲಿಲ್ಲ.

ಮನೆಯಲ್ಲಿ ಗಂಡ ತಪ್ಪಾಯ್ತೆಂದ.

“ನನ್ನ ಹತ್ರ ಯಾಕೆ? ಎಲ್ಲಿ ಹೇಳಿದ್ರೋ ಅಲ್ಲೇ ಹೋಗಿ ಹೇಳಿ.”

ಮುಖ ಕೆಂಪಗೆ ಮಾಡಿಕೊಂಡು ಅವನು ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳಿಬಂದ. ಅವಳ ಸಿಟ್ಟು ಅಷ್ಟಕ್ಕೇ ತಣಿಯಲಿಲ್ಲ. ತಿಂಗಳುಗಟ್ಟಲೆ ಅವನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದಳು.