ನಾರ್ಮಲ್ ಡಾಕ್ಟರು

ದೆಹಲಿಯ ಮಯೂರ್ ವಿಹಾರದ ಸ್ಕ್ಯಾನಿಂಗ್ ಡಾಕ್ಟರು ವೃಷಭೇಂದ್ರಪ್ಪನವರು ಹೊಟ್ಟೆಗೆ ಜೆಲ್ ಹಚ್ಚುವ ಮೊದಲೇ ರಿಪೋರ್ಟ್ ಟೈಪಾಗಿರುತ್ತದೆ ಎಂದು ಜನ ನಗುತ್ತಾರೆ. ಮುಟ್ಟಿನ ನೋವೆಂದು ಬಂದವರಿಗಂತೂ ಐದೇ ನಿಮಿಷ: "ಏನೂ ಇಲ್ಲಮ್ಮಾ, ಎಲ್ಲಾ ನಾರ್ಮಲ್. ಒಂದು ಮಗುವಾದ್ರೆ ಸರಿಹೋಗುತ್ತೆ, ಚಲೋ!" ಅಲ್ಲಿನ ಕನ್ನಡದ ಅತ್ತೆಯಂದಿರಿಗೆ ನಮ್ಮೂರ ಕಡೆಯ ಡಾಕ್ಟರ ಮಾತೇ ವೇದವಾಕ್ಯ. ಮೊನ್ನೆ ಅಂಥದೊಂದು ಮನೆಯ ಸೊಸೆ ಇಂಚರಾ, ದೊಡ್ಡಾಸ್ಪತ್ರೆಯ ಎಂಆರ್‌ಐ ಫಿಲ್ಮನ್ನು ತಂದು ಅವರ ಮುಂದಿಟ್ಟಳು. ಗರ್ಭಕೋಶದ ಹಿಂದೆ, ಕರುಳಿಗೆ ಅಂಟಿಕೊಂಡು ಬೆಳೆದಿದ್ದ ಗಂಟು ಎದ್ದು ಕಾಣುತ್ತಿತ್ತು. ಆ ಹೊಟ್ಟೆಯನ್ನು ಮೂರು ಸಲ ನೋಡಿ, ಮೂರು ಸಲವೂ ನಾರ್ಮಲ್ ಎಂದು ಸಹಿ ಹಾಕಿದ್ದವರು ಅವರೇ. ಬೈಯಲಿ ಎಂದು ತಲೆತಗ್ಗಿಸಿ ಕಾದರು. ಅವಳು ಬೈಯಲಿಲ್ಲ. "ಸರ್, ಇದನ್ನ ನಿಮ್ಮ ಕೈಯಾರೆ ಬರ್ದುಕೊಡಿ. ನಮ್ಮತ್ತೆ ನಂಬೋದು ನಿಮ್ಮನ್ನ ಮಾತ್ರ."