ಎರಡು ಓಟಿನ ಗೆಲುವು

ಮೊನ್ನೆ ಟಿಸಿ ತರಲು ಶಾಲೆಗೆ ಹೋಗಿದ್ದೆ. ಗುಮಾಸ್ತರು ಸ್ಟಾಂಪ್ ಪ್ಯಾಡಿನ ಡಬ್ಬಿ ತೆರೆದರು. ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಲೆಕ್ಕದ ಮೇಷ್ಟ್ರು ನೆನಪಾದರು. ಶಾಲಾ ಚುನಾವಣೆಯ ದಿನ ಅದೇ ಶಾಯಿಗೆ ಬೆಂಕಿಕಡ್ಡಿ ಅದ್ದಿ ನಮ್ಮೆಲ್ಲರ ಬೆರಳಿಗೆ ಗುರುತು ಹಾಕಿದವರು ಅವರು. "ಅಲ್ಲಾಡಬೇಡಮ್ಮ, ಉಗುರಿಗೂ ಅಂಟ್ಬೇಕು" ಎಂದು ನನ್ನ ಬೆರಳು ಹಿಡಿದುಕೊಂಡಿದ್ದರು...

ಹತ್ತನೇ ಕ್ಲಾಸಿನ ಶುರುವಿನಲ್ಲಿ ನಾನು ಶಾಲಾ ನಾಯಕಿಯಾಗಲು ನಿಂತಿದ್ದೆ. ಎದುರಾಳಿ ನನ್ನ ಕ್ಲಾಸಿನವನೇ. ಅವರಪ್ಪನಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಯೂನಿಟ್ ಇತ್ತು, ಶಾಲೆಗೆ ಮೈಕ್ ಸೆಟ್ ಕೊಡಿಸಿದವರೂ ಅವರೇ. ಆ ಮೈಕಿನಲ್ಲೇ ಮೇಷ್ಟ್ರು ಫಲಿತಾಂಶ ಹೇಳಿದರು. ನಾನು ಗೆದ್ದಿದ್ದೆ, ಎರಡೇ ಎರಡು ಓಟಿನಿಂದ.

ಎಣಿಸಿದ್ದು ಮೇಷ್ಟ್ರು ಮತ್ತು ಹಿಂದಿ ಮಿಸ್ ಇಬ್ಬರೇ, ಅದೂ ಲ್ಯಾಬಿನ ಬಾಗಿಲು ಹಾಕಿಕೊಂಡು. ಯಾರಿಗೆ ಎಷ್ಟು ಬಿತ್ತೆಂದು ಹೇಳಲಿಲ್ಲ. ನಾನು ಹೋಗಿ ನೋಡುವಷ್ಟರಲ್ಲಿ ಚೀಟಿಗಳನ್ನೆಲ್ಲ ಹರಿದು ಬಕೆಟ್ಟಿನ ನೀರಿಗೆ ಹಾಕಿಯಾಗಿತ್ತು. ಇದೆಂಥ ಎಣಿಕೆ? ಮೇಷ್ಟ್ರ ಮನೆಯ ಗೋಡೆಯಲ್ಲಿ ಬುದ್ಧನ ಫೋಟೋ ಇತ್ತು, ನಮ್ಮ ಮನೆಯಲ್ಲೂ ಇದೆ. ಇಡೀ ಶಾಲೆಗೆ ಅದು ಗೊತ್ತು. "ನಮ್ಮೋಳು ಅಂತ ಎರಡು ಓಟು ಸೇರಿಸವ್ರೆ ಬಿಡೇ" ಎಂದು ನಲ್ಲಿಯ ಹತ್ತಿರ ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು.

ಸಿಟ್ಟು ಬಂದದ್ದು ಅಂದವರ ಮೇಲಲ್ಲ, ಮೇಷ್ಟ್ರ ಮೇಲೆ. ಯಾಕೆಂದರೆ ಹಾಗೂ ಇರಬಹುದು ಎಂದು ನನಗೇ ಅನ್ನಿಸಿತ್ತು. ಗೆದ್ದರೆ ನಾನು ಗೆಲ್ಲಬೇಕಿತ್ತು. ಅಯ್ಯೋ ಪಾಪ ಎಂದು ಕೊಟ್ಟ ಬ್ಯಾಡ್ಜು ನನಗೆ ಯಾಕೆ ಬೇಕು?

ನಮ್ಮಜ್ಜಿ ಮಾತೆತ್ತಿದರೆ "ಅನುಮಾನಂ ಪೆದ್ದ ರೋಗಂ" ಎನ್ನುತ್ತಾಳೆ, ಅನುಮಾನ ದೊಡ್ಡ ರೋಗವೆಂದು ತೆಲುಗಿನಲ್ಲಿ. ಆ ರೋಗ ನನ್ನನ್ನು ಚೆನ್ನಾಗಿಯೇ ಹಿಡಿಯಿತು. ಪ್ರಾರ್ಥನೆಗೆ ಸಾಲು ನಿಲ್ಲಿಸುವಾಗ ಒಂದೊಂದೇ ಮುಖ ನೋಡುತ್ತಿದ್ದೆ. ಇವಳು ನನಗೆ ಹಾಕಿದ್ದಾಳಾ? ಇವನು? ಎರಡೇ ಓಟಿನ ಅಂತರವೆಂದರೆ ಅರ್ಧ ಶಾಲೆ ನನ್ನನ್ನು ಬೇಡ ಅಂದಂತೆಯೇ. ಯಾರಾದರೂ ನಕ್ಕರೆ ನನ್ನನ್ನು ನೋಡಿಯೇ ನಕ್ಕರೆಂದು ಗದರುತ್ತಿದ್ದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹುಟ್ಟುಹಬ್ಬದ ಚಾಕ್ಲೇಟು ತಂದುಕೊಟ್ಟಾಗ, "ಏನೇ, ಏನ್ ಕೆಲಸ ಆಗ್ಬೇಕು ನನ್ನಿಂದ?" ಎಂದು ಕೇಳಿದ್ದೆ. ಅವಳ ಮುಖ ಚಿಕ್ಕದಾಯಿತು. ಮತ್ತೆ ಆ ಹುಡುಗಿ ನನ್ನ ಹತ್ತಿರ ಬರಲಿಲ್ಲ.

ಒಂದು ದಿನ ತಡೆಯಲಾರದೆ ಸ್ಟಾಫ್ ರೂಮಿಗೇ ಹೋದೆ.

"ಸಾರ್, ನಿಜವಾಗ್ಲೂ ಎರಡೇ ಓಟಾ?"

ನೋಟ್ಸು ತಿದ್ದುತ್ತಿದ್ದ ಮೇಷ್ಟ್ರು ತಲೆ ಎತ್ತಲಿಲ್ಲ. "ಪೋನೀಲೇಮ್ಮಾ" ಎಂದರು. ಹೋಗಲಿ ಬಿಡಮ್ಮ ಎನ್ನುವುದಕ್ಕೆ ಅವರು ಯಾವಾಗಲೂ ತೆಲುಗಿಗೇ ಇಳಿಯುತ್ತಿದ್ದರು. "ಕೆಲಸ ಮಾಡು. ಓಟು ಎಣಿಸ್ತಾ ಕೂತ್ಕೋಬೇಡ."

ಒಂದು ಹಂತ ಬಿಟ್ಟು ಲೆಕ್ಕ ಬಿಡಿಸಿದರೆ ಅರ್ಧ ಮಾರ್ಕು ಕತ್ತರಿಸುವ ಮನುಷ್ಯ, ಈ ಲೆಕ್ಕಕ್ಕೆ ಮಾತ್ರ ಉತ್ತರ ಕೊಡಲಿಲ್ಲ. ನನ್ನ ಅನುಮಾನ ಗಟ್ಟಿಯಾಯಿತು. ಅವರ ಸಂಜೆಯ ಸ್ಪೆಷಲ್ ಕ್ಲಾಸಿಗೆ ಹೋಗುವುದನ್ನೇ ನಿಲ್ಲಿಸಿದೆ.

ದೀಪಾವಳಿ ಕಳೆದ ಮೇಲೆ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನಾಯಕಿ ಮಾತಾಡಬೇಕು. ಗಂಟಲು ನೋವೆಂದು ಸುಳ್ಳು ಹೇಳಿ ಉಪನಾಯಕಿಯನ್ನು ಕಳಿಸಿದೆ. ಎಲ್ಲರೂ ಅವರ ಕಾಲು ಮುಟ್ಟುವಾಗ ಹಿಂದೆ ಕುರ್ಚಿ ಜೋಡಿಸುವವಳಂತೆ ನಿಂತಿದ್ದೆ. ಮೇಷ್ಟ್ರೇ ಅಲ್ಲಿಯವರೆಗೆ ಬಂದರು. "ಗಂಟ್ಲು ನೋವಂತಲ್ಲಮ್ಮ, ಬಿಸಿನೀರು ಕುಡಿ" ಎಂದು ಹೇಳಿ ಹೋದರು. ನಾನು ತಲೆ ಆಡಿಸಿದೆ, ಅಷ್ಟೇ. ಸಂಕ್ರಾಂತಿಗೆ ಮುಂಚೆ ಅವರು ತೀರಿಕೊಂಡ ಸುದ್ದಿ ಬಂತು. ಎದೆನೋವಂತೆ...

ಮೊನ್ನೆ ಟಿಸಿ ಪುಸ್ತಕಕ್ಕೆ ಸಹಿ ಹಾಕುವಾಗ ಪಕ್ಕದಲ್ಲಿ ಹಿಂದಿ ಮಿಸ್ ಕೂತಿದ್ದರು. ಇನ್ನು ಕೇಳದಿದ್ದರೆ ಯಾವಾಗಲೂ ಕೇಳಲಾರೆ ಅನ್ನಿಸಿತು. "ಮಿಸ್, ಈಗಾದ್ರೂ ಹೇಳಿ. ಮೇಷ್ಟ್ರು ಓಟು ಬದಲಾಯಿಸಿದ್ರಾ?"

ಮಿಸ್ ಬಾಗಿಲ ಕಡೆ ನೋಡಿದರು. "ಬದಲಾಯಿಸಿದ್ರಮ್ಮ" ಎಂದರು.

"ಆ ಹುಡುಗನಿಗೆ ಬಿದ್ದಿದ್ದು ಬರೀ ಹದಿನೆಂಟು. ಮಿಕ್ಕಿದ್ದೆಲ್ಲ ನಿಂಗೇನೇ. ಅವರಪ್ಪ ಗೇಟ್ ಹತ್ರ ಕಾಯ್ತಾ ನಿಂತಿದ್ರು. ಹಿಂದಿನ ವರ್ಷ ಮಾರ್ಕ್ಸ್ ಕಮ್ಮಿ ಬಂತು ಅಂತ ಅವನ ಬೆನ್ನ ಮೇಲೆ ಬಾಸುಂಡೆ ಬರೋ ಹಾಗೆ ಹೊಡೆದಿದ್ರಲ್ಲ... ಮೇಷ್ಟ್ರು ಚೀಟಿ ಹರಿದು ಹಾಕಿ, 'ಎರಡು ಅಂತ ಹೇಳ್ತೀನಿ ಮಿಸ್, ಗೆದ್ದೋಳು ತಡ್ಕೋತಾಳೆ' ಅಂದ್ರು."

ಹಾಳು ಬುದ್ಧಿ, ಆಗಲೂ ಮಿಸ್ ಮುಖವನ್ನೇ ದಿಟ್ಟಿಸಿದೆ. ಹೋಗುವವಳಿಗೆ ಸಮಾಧಾನ ಹೇಳುತ್ತಿದ್ದಾರಾ? ಇಲ್ಲ, ಅವರ ಕಣ್ಣು ತುಂಬಿತ್ತು. ನಾನೂ ಅತ್ತೆ. ಬೇಕೆಂದು ಆರಿಸಿದವರನ್ನೇ ವರ್ಷವಿಡೀ ಗುಮಾನಿಯಿಂದ ನೋಡಿ ಗದರಿದ್ದೆ. ತಪ್ಪಾಯಿತು ಸಾರ್ ಎನ್ನೋಣವೆಂದರೆ ಮೇಷ್ಟ್ರಿಲ್ಲ. ನಾನು ತಡೆದುಕೊಳ್ಳುತ್ತೇನೆಂದು ಅವರು ನಂಬಿದ್ದರು. ನಾನು ತಡೆದುಕೊಳ್ಳಲಿಲ್ಲ.

ಮುಖ ಒರೆಸಿಕೊಂಡು ಹೊರಗೆ ಬಂದರೆ ಆ ಹುಡುಗನೂ ಟಿಸಿಗೆಂದು ಬಂದು ಹೊಂಗೆ ಮರದ ಕೆಳಗೆ ನಿಂತಿದ್ದ. ನನ್ನನ್ನು ನೋಡಿ ನಕ್ಕ.

"ಏನೇ ಲೀಡರ್, ಎರಡೇ ಎರಡು ಓಟು ಕಣೇ. ಇಲ್ದಿದ್ರೆ ನಾನೇ ಆಗ್ತಿದ್ದೆ. ನಮ್ಮಪ್ಪ ಈಗ್ಲೂ ನೆಂಟರಿಗೆಲ್ಲ ಹೇಳ್ತಿರ್ತಾರೆ, ನನ್ ಮಗ ಎರಡೇ ಓಟಲ್ಲಿ ಸೋತ್ಬಿಟ್ಟ ಅಂತ."

ನಾನು ಅವನ ಮುಖ ನೋಡಿದೆ.

"ಹೂಂ ಕಣೋ" ಎಂದೆ. "ಎರಡೇ ಓಟು."