ನಮಗೆ ಸರ್ಕಾರ ಸಾಕು ಎಂದು ಬರೆದವರು

ವಾದ ಜೋರಾದಾಗ ಅವರು ಬಲಗೈಯ ಎರಡು ಬೆರಳನ್ನು ಎಡ ಮಣಿಕಟ್ಟಿನ ಮೇಲಿಟ್ಟು ತಮ್ಮ ನಾಡಿಯನ್ನು ತಾವೇ ಹಿಡಿದುಕೊಳ್ಳುತ್ತಿದ್ದರು. ಕಣ್ಣು ಎದುರಾಳಿಯ ಮೇಲೆ, ಗಮನ ಬೆರಳ ತುದಿಯಲ್ಲಿ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಅಭ್ಯಾಸ ಬಿಡುತ್ತಿರಲಿಲ್ಲ. ಬಡಿತ ಮಿತಿಮೀರಿತು ಅನ್ನಿಸಿದ ಕೂಡಲೇ "ಈ ಸುತ್ತು ನಿಂದು ಕಣಮ್ಮ, ಹೋಗು ಕಾಫಿ ಮಾಡು" ಎಂದು ನನಗೆ ಹೇಳಿ ಎದ್ದುಬಿಡುತ್ತಿದ್ದರು. ಇಂಥ ಮನುಷ್ಯನ ಬಗ್ಗೆ ಆಸ್ಟ್ರೇಲಿಯಾದ ಪರ್ತ್‌ನ ಕನ್ನಡದವರು ಹೇಳುವುದು ಒಂದೇ ಮಾತು: "ಒಳ್ಳೇ ಡಾಕ್ಟ್ರು. ಆದ್ರೆ ಆ ದೊಡ್ಡ ಮನುಷ್ಯರ ಸಂಸ್ಥೆ ಸೇರ್ಕೊಂಡು ಬಿಳಿಯರ ಬಾಲ ಆಗ್ಬಿಟ್ರು."

ಬಾಲವೆಂದರೆ ದೇಹ ತಿರುಗಿದ ಕಡೆ ತಿರುಗಬೇಕು. ಇವರು ಹಾಗೆ ತಿರುಗಿದ್ದಕ್ಕೆ ಸಾಕ್ಷಿ ಕೊಡಿ ಎಂದರೆ ಯಾರೂ ಕೊಡುವುದಿಲ್ಲ, ಹಬ್ಬದೂಟದ ಪಾಯಸದ ಕಡೆ ನೋಡುತ್ತಾರೆ. ಇನ್ನೊಂದು ಕಥೆಯೂ ಇದೆ, ನಮ್ಮ ಮನೆಯೊಳಗಿನದು: ನಾನು ಅಂಕಲ್ ಎನ್ನುತ್ತಿದ್ದ ಇವರು ಆ ಸಂಸ್ಥೆ ಸೇರಿದ್ದೇ ನಮ್ಮಮ್ಮನಿಗಾಗಿ ಎಂಬುದು. ಅದನ್ನೂ ನಾನು ಒಪ್ಪುವುದಿಲ್ಲ. ಅಮ್ಮನ ವಿಷಯ ಬರುವ ಮೊದಲೇ ಅವರು ಸೇರಿದ್ದರು, ನಂಬಿಯೇ ಸೇರಿದ್ದರು.

ಸಂಸ್ಥೆ ಎಂದರೆ ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಮಹಡಿಯಲ್ಲಿದ್ದ ಮೂರು ಕೋಣೆ. ರಾಜ್ಯ ಸರ್ಕಾರ ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಎಂದು ವರದಿ ಬರೆದು ಮಂತ್ರಿಗಳಿಗೂ ಪತ್ರಿಕೆಗಳಿಗೂ ಕಳಿಸುವುದು ಅವರ ಕೆಲಸ. ತೆರಿಗೆ ಇಳಿಸಿ, ಅಂಗಡಿಯವರು ಬೇಕಾದಾಗ ಬಾಗಿಲು ತೆಗೆಯಲಿ, ಲೈಸೆನ್ಸುಗಳನ್ನು ಕಡಿಮೆ ಮಾಡಿ, ಸಂಸಾರವನ್ನು ಸಂಸಾರಕ್ಕೇ ಬಿಡಿ. ಇದೆಲ್ಲ ನಿಮಗೆ ಯಾವ ಪುಸ್ತಕದಿಂದ ಹತ್ತಿತು ಎಂದು ಒಮ್ಮೆ ಕೇಳಿದ್ದೆ. "ಪುಸ್ತಕ ಆಮೇಲೆ. ಮೈಸೂರಲ್ಲಿ ಒಂದು ಮೂಟೆ ಸಿಮೆಂಟ್ ಪರ್ಮಿಟ್ಟಿಗೆ ನಮ್ಮಪ್ಪ ಕಚೇರಿಯಿಂದ ಕಚೇರಿಗೆ ಅಲೆದ್ರು. ಸೋರೋ ಸೂರಿನ ಕೆಳಗೆ ಕೂತ್ಕೊಂಡೇ ನಾನು ಕನ್ಸರ್ವೇಟಿವ್ ಆದೆ" ಎಂದರು.

ನಾನು ವಿಶ್ವವಿದ್ಯಾಲಯದ ಚರ್ಚಾ ತಂಡದಲ್ಲಿದ್ದೆ, ಅಭಿಪ್ರಾಯದಲ್ಲಿ ಪೂರ್ತಿ ಆಚೆ ದಡದಲ್ಲಿ. ಅದೇ ಅವರಿಗೆ ಖುಷಿ. "ಸಂಡೇ ಆರ್ವೊ ಬಾ, ಜಗಳ ಆಡೋಣ" ಎಂದು ಫೋನ್ ಮಾಡುತ್ತಿದ್ದರು, ಆರ್ವೊ ಎಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ. ಊರ ಅಂಚಿನ ಕ್ಯಾನಿಂಗ್ ವೇಲ್‌ನಲ್ಲಿ ಅವರದು ಹೊಸ ಮನೆ, ಹಿತ್ತಲಿನ ಬೇಲಿಯಾಚೆ ಬರೀ ಮರಳು, ಕುರುಚಲು. ಷರತ್ತು ಒಂದೇ: ಜಗಳ ಕನ್ನಡದಲ್ಲಿ ಆಡಬೇಕು. "ಇಂಗ್ಲಿಷ್‌ನಲ್ಲಿ ನೀನು ಗೆಲ್ತೀಯ. ಕನ್ನಡದಲ್ಲಿ ಯೋಚನೆ ಮಾಡ್ತೀಯ." ಆರನೇ ವಯಸ್ಸಿಗೇ ಊರು ಬಿಟ್ಟ ನಾನು ಈ ಪುಟವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಆ ಜಗಳಗಳ ಫಲ.

"ಸರ್ಕಾರಿ ಆಸ್ಪತ್ರೆ ಸಂಬಳ ತಗೊಂಡು ಸರ್ಕಾರ ಬೇಡ ಅಂತೀರಲ್ಲ, ನಾಚಿಕೆ ಆಗಲ್ವಾ ಅಂಕಲ್?" ಎಂದರೆ, "ಒಳಗೆ ಕೂತವನಿಗೇ ಕಣಮ್ಮ ಸೋರೋ ಜಾಗ ಗೊತ್ತಿರೋದು" ಎನ್ನುವರು. ಆಂಟಿ ಒಳಗಿನಿಂದ, "ಸೋರೋ ಜಾಗ ಅಂದ್ರಲ್ಲ, ಬಾತ್‌ರೂಮ್‌ನಲ್ಲಿ ನೋಡಿ ಬನ್ನಿ" ಎಂದು ಕೂಗುವರು.

ಈಗ ಅಮ್ಮನ ವಿಷಯ. ಅಪ್ಪನ ಬಳಿ ಇಂಗ್ಲೆಂಡಿನ ಡಿಗ್ರಿ ಇತ್ತು, ಅಮ್ಮನ ಬಳಿ ಮೈಸೂರಿನದು ಮಾತ್ರ. ಎಪ್ಪತ್ತರ ದಶಕದ ಮೊದಲಲ್ಲಿ ಬ್ರಿಸ್ಬೇನ್‌ನ ಒಂದು ಆಸ್ಪತ್ರೆಯಲ್ಲಿ ಇಬ್ಬರೂ ಡಾಕ್ಟರಾಗಿದ್ದರು. ಅಪ್ಪನಿಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿ ನಾವು ದೇಶದ ಈ ಅಂಚಿಗೆ ಬಂದೆವು. ರಾಜ್ಯಕ್ಕೊಂದು ವೈದ್ಯಕೀಯ ಮಂಡಳಿ; ಇಲ್ಲಿನ ಮಂಡಳಿಯವರು ಅಮ್ಮ ಡಾಕ್ಟರಲ್ಲ ಎಂದರು. ನಿಯಮವೇ ಹಾಗಿತ್ತೋ, ಅರ್ಜಿ ಓದಿದ ಅಧಿಕಾರಿ ಹಾಗಿದ್ದನೋ ನನಗೆ ಇವತ್ತಿಗೂ ಖಚಿತವಿಲ್ಲ. ಅಮ್ಮ ಪಕ್ಕದ ಫ್ರೀಮ್ಯಾಂಟಲ್‌ನ ಒಂದು ಕ್ಲಿನಿಕ್ಕಿನಲ್ಲಿ ಫೋನೆತ್ತಿ ರೋಗಿಗಳಿಗೆ ಸಮಯ ಗೊತ್ತುಮಾಡುವ ಕೆಲಸಕ್ಕೆ ಸೇರಿದಳು. ಎಲ್ಲರಿಗೂ ಆಕೆ ಅಪ್ಪನ ಹೆಂಡತಿ. ಅಂಕಲ್ ಒಬ್ಬರೇ, ಯಾರ ಎದುರಿಗಾದರೂ, "ಏನ್ ಡಾಕ್ಟ್ರೇ, ಹೇಗಿದೀರಿ?" ಎಂದು ಮಾತಾಡಿಸುತ್ತಿದ್ದರು. ಅಪ್ಪನೂ ಅಲ್ಲೇ ಇದ್ದರೆ, ತಿರುಗಿ ನೋಡುತ್ತಿದ್ದುದು ಅಪ್ಪ. ಅಂಕಲ್ ಕೈಯಾಡಿಸಿ, "ನಿಮ್ಮನ್ನಲ್ಲಪ್ಪ" ಎನ್ನುವರು.

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ಸಂಸ್ಥೆಗೆ ವಲಸಿಗರ ಭಾಷೆಗಳಲ್ಲಿ ಕರಪತ್ರ ಹಂಚುವ ಹುಕಿ ಬಂತು. ಕನ್ನಡದ್ದನ್ನು ಅಂಕಲ್ ತಾವೇ ಕೈಯಲ್ಲಿ ಬರೆದರು, ನೆರಳಚ್ಚು ಮಾಡಿಸಿ ಯುಗಾದಿ ಊಟದ ದಿನ ಹಾಲ್‌ನಲ್ಲಿ ಹಂಚಿದರು. ಮೇಲೆ ದಪ್ಪಕ್ಷರದಲ್ಲಿ: "ನಮಗೆ ಸರ್ಕಾರ ಸಾಕು!"

ಒಂದು ಗಳಿಗೆ ಎಲ್ಲರೂ ಓದಿದರು. ಆಮೇಲೆ ಒಬ್ಬರು, "ಪರವಾಗಿಲ್ವೇ ಡಾಕ್ಟ್ರೇ, ಪಕ್ಷ ಬದಲಾಯಿಸಿಬಿಟ್ರಾ? ಸರ್ಕಾರ ಒಂದಿದ್ರೆ ಸಾಕು ಅಂತಿದೀರಿ" ಎಂದರು. ಹಾಲ್ ನಗತೊಡಗಿತು. "ಹಾಗಲ್ರೀ, ಸಾಕಾಗಿದೆ, ಇನ್ನು ಬೇಡ ಅಂತ!" ಎಂದು ಅಂಕಲ್ ನಾಡಿ ಹಿಡಿದುಕೊಂಡರು.

ಅಮ್ಮ ಕೋಸಂಬರಿ ಬಡಿಸುತ್ತಿದ್ದಳು. "ಎಲೆ ಮೇಲೆ ಕೈ ಅಡ್ಡ ಹಿಡಿದು ಸಾಕು ಅಂದ್ರೆ ಬೇಡ ಅಂತ. ಸುಮ್ನೆ ಸಾಕು ಅಂದ್ರೆ ಇಷ್ಟಿದ್ರೆ ತೃಪ್ತಿ ಅಂತ. ಕಾಗದಕ್ಕೆ ಕೈ ಎಲ್ಲಿದೆ ಡಾಕ್ಟ್ರೇ?" ಎಂದಳು. ಮತ್ತೆ ಸೌಟು ಹಿಡಿದೇ, "ಮಕ್ಕಳನ್ನ ಸಾಕು ಅನ್ನೋದೂ ಅದೇ ಪದ. ಸರ್ಕಾರ ನನ್ನನ್ನ ಸಾಕೋದು ಬೇಡ. ಕೆಲಸ ಮಾಡೋಕೆ ಬಿಟ್ರೆ ಸಾಕು."

ನಗು ಮುಂದುವರಿಯಿತು. ಅಂಕಲ್ ಮಾತ್ರ ನಗುವುದನ್ನು ನಿಲ್ಲಿಸಿದ್ದರು. ಮರುವಾರ ನಾನು ಹೋದಾಗ ಮೇಜಿನ ತುಂಬ ಕಾಗದ. "ನಾವು ಕ್ಷೌರದವರ ಲೈಸೆನ್ಸ್ ಬಗ್ಗೆ ಬರೀತೀವಿ, ಟ್ಯಾಕ್ಸಿಯವರ ಬಗ್ಗೆ ಬರೀತೀವಿ. ಡಾಕ್ಟರ ಬಗ್ಗೆ ಯಾಕೆ ಬರೀಲಿಲ್ಲ ಅಂತ ನೀನೂ ಒಂದಿನ ಕೇಳ್ಲಿಲ್ವಲ್ಲ ಲಾಯರಮ್ಮ!" ಎಂದು ನನ್ನನ್ನೇ ಗದರಿದರು. ಬೇರೆ ದೇಶದಲ್ಲಿ ಕಲಿತ ಡಾಕ್ಟರರನ್ನು ಡಿಗ್ರಿಯ ಊರು ನೋಡಿ ತಳ್ಳದೆ, ಪರೀಕ್ಷೆ ಮಾಡಿ ಕೆಲಸಕ್ಕೆ ಬಿಡಬೇಕು ಎಂದು ಅವರು ಒಂದು ಅಧ್ಯಾಯ ಬರೆದರು. ಅದನ್ನು ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿದ್ದ ಇಂಥದೇ ಸಂಸ್ಥೆಗಳಲ್ಲಿ ಓದಲು ಹೊರಟರು.

ಅಡಿಲೇಡ್‌ನ ಓದು ನಾನು ಕೇಳಿದೆ. ಚರ್ಚಾಸ್ಪರ್ಧೆಗೆಂದು ಹೋಗಿ ಅಲ್ಲಿನ ಮಾಡ್ಬರಿ ಬಡಾವಣೆಯಲ್ಲಿ ಪರಿಚಯದವರ ಮನೆಯಲ್ಲಿದ್ದೆ. ನೆರೆದವರಲ್ಲಿ ಹೆಚ್ಚಿನವರು ಟೈ ಕಟ್ಟಿದ ಹಿರಿಯರು. "ಹೊಟ್ಟೆಯೊಳಗಿನ ಅಪೆಂಡಿಕ್ಸ್ ಬ್ರಿಸ್ಬೇನ್‌ನಲ್ಲಿ ಬಲಗಡೆ ಇರುತ್ತದೆ. ಪರ್ತ್‌ಗೆ ಹೋದರೆ ಎಡಕ್ಕೆ ಸರಿಯುತ್ತದೆಯೇ?" ಎಂದು ಅಂಕಲ್ ಶುರುಮಾಡಿ, ಹೆಸರು ಹೇಳದೆ ಅಮ್ಮನ ಕಥೆ ಹೇಳಿದರು. ಕೊನೆಯಲ್ಲಿ ಒಬ್ಬ ಮುದಿ ಸರ್ಜನ್ ಎದ್ದು, ನೋಂದಣಿಯಿಲ್ಲದ ಅಂಥ ಡಾಕ್ಟರ ಕೈಗೆ ನಿಮ್ಮ ದೇಹ ಒಪ್ಪಿಸುತ್ತೀರಾ ಎಂದು ಕೇಳಿದ. "ನನ್ನ ಬಿ.ಪಿ. ಪ್ರತಿ ಭಾನುವಾರ ಆಕೆಯೇ ನೋಡುವುದು. ನಿಮಗೆ ನೋಂದಣಿ ಇದೆ, ಆದರೂ ನಿಮ್ಮ ಮುಂದೆ ಅಂಗಿ ಬಿಚ್ಚಲು ನನಗೆ ಭಯ" ಎಂದರು ಅಂಕಲ್. ಚಪ್ಪಾಳೆ ಬಿತ್ತು. ಚರ್ಚಾ ತಂಡದ ಲೆಕ್ಕದಲ್ಲಿ ಅದು ಗೆಲುವು.

ಪರ್ತ್‌ನಲ್ಲಿ ಬೇರೆ ಲೆಕ್ಕ ನಡೆಯುತ್ತಿತ್ತು. ಸಂಸ್ಥೆಯ ಪೋಷಕರಲ್ಲಿ ಕೆಲವರು ಡಾಕ್ಟರು. ವರದಿ ಅಚ್ಚಾಗಿ ಬಂದಾಗ ಕ್ಷೌರದವರಿದ್ದರು, ಟ್ಯಾಕ್ಸಿಯವರಿದ್ದರು, ಡಾಕ್ಟರ ಅಧ್ಯಾಯವಿರಲಿಲ್ಲ. ಸಮಿತಿಯಲ್ಲಿ ಮತಕ್ಕೆ ಹಾಕಿ ತೆಗೆದಿದ್ದರು. ಅಂಕಲ್ ರಾಜೀನಾಮೆ ಕೊಡಲಿಲ್ಲ. ಬಾಲದ ಮಾತು ಹುಟ್ಟಿದ್ದು ಆಗ.

ನಾನು ಬೆಂಕಿಯಾಗಿ ಹೋದೆ. "ಇದಕ್ಕೆ ಶರಣಾಗತಿ ಅಂತಾರೆ ಅಂಕಲ್. ಬೇರೆಯವರ ಲೈಸೆನ್ಸ್ ಬೇಡ, ತಮ್ಮದು ಬೇಕು! ಇದು ಸಿದ್ಧಾಂತನಾ?"

"ಅಲ್ಲ. ಅದು ಹೊಟ್ಟೆಪಾಡು."

"ಮತ್ತೆ ಯಾಕಿದೀರಿ ಅಲ್ಲಿ?"

"ನಾನು ಎದ್ದು ಬಂದ್ರೆ ಆ ಕುರ್ಚಿಗೆ ಬರೋನು ನಿಮ್ಮಮ್ಮನ್ನ ಡಾಕ್ಟ್ರೇ ಅಂತ ಕರೀತಾನಾ?" ಎಂದರು. ಅವತ್ತು ನಾಡಿ ಹಿಡಿಯಲಿಲ್ಲ.

ಆಮೇಲೆ ಪ್ರತಿ ಸಭೆಯಲ್ಲೂ ಕೊನೆಗೆ ಕೈಯೆತ್ತಿ, "ಡಾಕ್ಟರ ಅಧ್ಯಾಯ?" ಎಂದು ಕೇಳುತ್ತಿದ್ದರಂತೆ. ಪ್ರತಿ ಸಲ ಮತ, ಪ್ರತಿ ಸಲ ಸೋಲು. ಮನೆಗೆ ಬಂದು ಆಂಟಿಗೆ "ಇವತ್ತೂ ಔಟ್" ಎನ್ನುವರು. "ಬ್ಯಾಟ್ ಎತ್ತಿಟ್ಟು ಊಟಕ್ಕೆ ಬನ್ನಿ" ಎನ್ನುವರು ಆಂಟಿ. ವರ್ಷಗಳು ಹೀಗೇ ಹೋದವು. ಸಂಸ್ಥೆ ಆ ಅಧ್ಯಾಯವನ್ನು ಅಚ್ಚು ಹಾಕಲೇ ಇಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅಮ್ಮನಿಗೆ ಪರೀಕ್ಷೆಗೆ ಕೂರಲು ಅವಕಾಶ ಸಿಕ್ಕಿತು. ಅಂಕಲ್ ಓಟು ಹಾಕದ, ಭಾನುವಾರಗಳಲ್ಲಿ ಬಯ್ಯುತ್ತಿದ್ದ ಸರ್ಕಾರದ ಕಾಲದಲ್ಲಿ. ಅವರ ಆ ಕೈಬರಹದ ಅಧ್ಯಾಯ ಯಾರ ಮೇಜಿಗಾದರೂ ಮುಟ್ಟಿತ್ತೋ ಇಲ್ಲವೋ ಹೇಳಲಾರೆ. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ, ಇದನ್ನು ನನಗೆ ಕಲಿಸಿದವರೂ ಅವರೇ. ಸುದ್ದಿ ಹೇಳಲು ಹೋದಾಗ, "ನೋಡಿದ್ರಾ ಅಂಕಲ್, ನಿಮ್ಮ ಶತ್ರುಗಳೇ ಕೊಟ್ರು" ಎಂದು ಚುಚ್ಚಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. "ಕೊಟ್ಟೋರು ಯಾರಾದ್ರೂ ಆಗ್ಲಿ. ಪಾಸಾಗೋದು ನಮ್ಮ ಡಾಕ್ಟ್ರು."

ಅಮ್ಮ ಪಾಸಾದಳು. ಐವತ್ತು ದಾಟಿದ ಮೇಲೆ ಮತ್ತೆ ಸ್ಟೆತಸ್ಕೋಪ್ ಹಾಕಿಕೊಂಡಳು. ಅದಾದ ಕೆಲವೇ ತಿಂಗಳಿಗೆ ಅಂಕಲ್‌ಗೆ ಹೃದಯಾಘಾತವಾಯಿತು. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಅಂಕಲ್ ಕ್ರೈಸ್ತರು. ಚರ್ಚಿನಲ್ಲಿ ಅವರ ಶವಸಂಸ್ಕಾರದ ಪೂಜೆ ಮುಗಿದು ಎಲ್ಲರೂ ಅಂಗಳಕ್ಕೆ ಬಂದಾಗ ಸಂಸ್ಥೆಯ ನಿರ್ದೇಶಕರು ಬಂದರು. ಎತ್ತರದ ಮನುಷ್ಯ, ಕಣ್ಣು ಕೆಂಪಾಗಿತ್ತು, ಅದು ನಟನೆಯಾಗಿರಲಿಲ್ಲ. ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಪ್ರತಿ ಸಭೆಯಲ್ಲೂ ಅವರು ನಿಮಗಾಗಿ ಕೇಳುತ್ತಿದ್ದರು. ಅಷ್ಟು ನಿಷ್ಠೆಯ ಮನುಷ್ಯನನ್ನು ನಾನು ಕಂಡಿಲ್ಲ" ಎಂದರು. ಅಮ್ಮ ತಲೆಯಾಡಿಸಿದಳು. ಅಮ್ಮನಿಗೆ ಅಷ್ಟು ಸಾಲುತ್ತಿತ್ತೇನೋ. ನಾನು ಅವರ ದಾರಿಗೆ ಅಡ್ಡ ನಿಂತೆ.

"ಸರ್, ಆ ಸಭೆಗಳಲ್ಲಿ ಪ್ರತಿ ಸಲವೂ ಮತ ಹಾಕಿದಿರಲ್ಲ, ಒಂದು ಸಲವಾದರೂ ನಿಮ್ಮ ಮತ ಅವರ ಕಡೆಗಿತ್ತೇ?"